ಮೂರು ನಿಮಿಷದೊಳಗಿನ ಮಾಸ್ತರು

"ಶಾ!" ಎಂದು ಕಾಡಪ್ಪ ಒದರಿದ ಅಬ್ಬರಕ್ಕೆ, ಪಕ್ಕದ ಕಂಪ್ಯೂಟರಿನಲ್ಲಿ ಪರೀಕ್ಷೆಯ ಫಲಿತಾಂಶ ನೋಡುತ್ತಿದ್ದ ಹುಡುಗಿ ಎದ್ದೇ ನಿಂತುಬಿಟ್ಟಳು.

"ಏನ್ರಿ ಕಾಡಪ್ಪಣ್ಣಾರ," ಎಂದಳು ಶೈಲಜಾ ಕೌಂಟರಿನಿಂದಲೇ. ಬೈಲಹೊಂಗಲದ ಹತ್ತಿ ಮಾರುಕಟ್ಟೆಯ ಎದುರಿನ ಆ ಸೈಬರ್ ಕೆಫೆ ಅವಳದು. "ಎಷ್ಟ ಸಲಾ ಹೇಳಬೇಕ್ರಿ ನಿಮಗ? ಆ ಮನಷ್ಯಾ ಫಿಲಿಪ್ಪೀನ್ಸದಾಗ ಕುಂತಾನ. ನೀವು ಶಾ ಅಂದಿದ್ದು ಅವಂಗ ಕೇಳಸೂದಿಲ್ಲ. ನನ್ನ ಗಿರಾಕಿಗೋಳಿಗೆ ಕೇಳಸ್ತೈತಿ."

"ಅರಸನ ಮ್ಯಾಲ ಏರಿ ಹೋದಾಗ ಬಾಯಿ ಬಿಟ್ಟು ಹೇಳಬೇಕವಾ. ಹೇಳದ ಹೋಗೂದು ಕಳ್ಳತನ."

"ನೀವು ಹೇಳೂದ್ರಾಗ ನಿಮ್ಮ ಟೈಮ್ ಮುಗೀತು. ನೋಡ್ರಿ ಇಲ್ಲೆ."

ನೋಡಿದರೆ ನಿಜ. ಎದುರಾಳಿಗಿಂತ ಒಂದು ಆನೆ, ಎರಡು ಪ್ಯಾದಿ ಕಾಲಾಳು ಹೆಚ್ಚಿಟ್ಟುಕೊಂಡೂ ಕಾಡಪ್ಪ ಇಂಟರ್ನೆಟ್ಟಿನ ಚೆಸ್ ಆಟ ಸೋತಿದ್ದ. ಮೂರು ನಿಮಿಷದ ಗಡಿಯಾರ ಸೊನ್ನೆಗೆ ಬಂದು ನಿಂತಿತ್ತು. ಅವನು ಮೌಸನ್ನು ಟೇಬಲ್ಲಿಗೆ ಕುಕ್ಕಿದ. ಅದಕ್ಕೂ ಶೈಲಜಾ ಬೈದಳು.

ಇದು ಎರಡು ಸಾವಿರದ ಆರರ ಮಾತು. ಕಾಡಪ್ಪನಿಗೆ ಆಗ ಐವತ್ತೇಳು. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿಯ ಎಳೆ ನೋಡುವ ಕೆಲಸ, ಮೂಗಿನ ತುದಿಯಲ್ಲೇ ಸಿಟ್ಟು, ಮೊಬೈಲ್ ಕಂಡರೆ ಮೈ ಉರಿ. ಇಂಥ ಮನುಷ್ಯ ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಓಡಿ ಬಂದು ಕಂಡವರ ಕೈಲಿ, ಕಾಣದವರ ಕೈಲಿ ಸೋತು ಹೋಗುತ್ತಿದ್ದ ಎಂದರೆ ಕಾರಣ ಇಲ್ಲದೆ ಇರುತ್ತದೆಯೇ? ಕಾರಣ, ರಾಮದುರ್ಗದ ಬಸವಲಿಂಗ ಮಾಸ್ತರು.

ಮಾಸ್ತರು ಬೈಲಹೊಂಗಲದಲ್ಲಿ ಗಣಿತ ಕಲಿಸಿಕೊಂಡಿದ್ದಾಗ ಇಪ್ಪತ್ತಾರು ವರ್ಷ, ಒಂದು ಭಾನುವಾರ ತಪ್ಪದಂತೆ, ಕಾಡಪ್ಪನ ಮನೆಯ ಪಡಸಾಲೆಯಲ್ಲಿ ಇಬ್ಬರೂ ಬುದ್ಧಿಬಲ ಆಡಿದ್ದರು. ಕಾಲೇಜು ಹುಡುಗರ ಚೆಸ್ ಅಲ್ಲ, ನಮ್ಮ ಕಡೆಯ ಹಳೆಯ ಆಟ. ಬೆಳಗಿನ ಉಪ್ಪಿಟ್ಟಿಗೆ ಶುರುವಾದದ್ದು ಸಂಜೆಯ ಚಹಾಕ್ಕೆ ಮುಗಿದರೆ ಬೇಗ ಮುಗಿಯಿತು ಎಂದು ಲೆಕ್ಕ. ಒಂದು ನಡೆಗೆ ಮಾಸ್ತರು ಅರ್ಧ ತಾಸು ಗಡ್ಡ ಕೆರೆದುಕೊಂಡದ್ದೂ ಉಂಟು. ಪಟವನ್ನು ಎಡಗೈಯಿಂದ ಮುಟ್ಟಿದವರಿಗೆ ಮಾತ್ರ ಮಂಗಳಾರತಿ. "ಊಟಕ್ಕ ಬಲಗೈ, ಪೂಜಿಗೆ ಬಲಗೈ. ಇದಕ್ಕೂ ಬಲಗೈನ," ಎನ್ನುತ್ತಿದ್ದರು.

ನಿವೃತ್ತರಾಗಿ ಊರಿಗೆ ಹೋದ ಎರಡನೇ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗಡೆಯೆಲ್ಲ ಬಿದ್ದುಹೋಯಿತು. ಮಾತು ಹೋಯಿತು. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವರಿಗೆ ತಮ್ಮ ಹೆಸರಿನ ಅಕ್ಷರವೂ ಗುರುತು ಸಿಗದಂತಾಯಿತು. ಕಾಡಪ್ಪ ಪಟವನ್ನು ಬಗಲಲ್ಲಿಟ್ಟುಕೊಂಡು ಸವದತ್ತಿ, ಕಟಕೋಳ ದಾಟಿ ರಾಮದುರ್ಗಕ್ಕೆ ಹೋದ. ಮಂಚದ ಮುಂದೆ ಸ್ಟೂಲಿಟ್ಟು ಕಾಯಿ ಹೂಡಿದ. ಮಾಸ್ತರು ನೋಡಿದರು. ಒಂದು ತಾಸು ಬರೀ ನೋಡಿದರು. ಒಂದು ಪ್ಯಾದಿಯನ್ನೂ ಕದಲಿಸಲಿಲ್ಲ.

ಸಂಕಟ ಎದ್ದಾಗ ಕಾಡಪ್ಪನ ನಾಲಿಗೆ ಅವನ ಮಾತು ಕೇಳುವುದಿಲ್ಲ. ಮಾಸ್ತರ ಹೆಂಡತಿ ಸಾವಿತ್ರೆವ್ವನ ಕಡೆ ತಿರುಗಿ ಅಂದೇಬಿಟ್ಟ: "ಮಾಸ್ತರ ಹ್ವಾದ್ರು ತಗೋರಿ ಅಕ್ಕಾರ. ಇದು ಬರೇ ಕುಂಡ್ರಿಸಿದ ಗೊಂಬಿ." ಆಗ ಮಾಸ್ತರ ಎಡಗೈ ಎದ್ದು ಸ್ಟೂಲಿಗೆ ಬಡಿಯಿತು. ಪಟ, ಕಾಯಿ ಎಲ್ಲ ನೆಲಕ್ಕೆ. ತಿಳಿವಳಿಕೆ ಪೂರ್ತಿ ಹೋಗಿದೆ ಎಂಬುದಕ್ಕೆ ಇದೇ ಸಾಕ್ಷಿ ಎಂದುಕೊಂಡು ಕಾಡಪ್ಪ ಬಸ್ಸಿನಲ್ಲಿ ಸವದತ್ತಿ ಬರುವ ತನಕ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಎಂಟು ತಿಂಗಳ ಮೇಲೆ ಮಾಸ್ತರ ಮಗಳು ಉಮಾಶ್ರೀ ಫೋನ್ ಮಾಡಿದಳು. ಅವಳು ರಾಮದುರ್ಗದಲ್ಲೇ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಮನೆಯಲ್ಲೂ ಒಂದು ಕಂಪ್ಯೂಟರ್ ಇತ್ತು.

"ಕಾಕಾ, ಅಪ್ಪಾರು ಚೆಸ್ ಆಡಾಕತ್ತಾರ್ರಿ. ಇಂಟರ್ನೆಟ್ಟಿನ್ಯಾಗ."

"ಹುಡುಗಾಟಕಿ ಮಾಡಬ್ಯಾಡವಾ. ನಾ ಬಂದಾಗ ಒಂದ ಪ್ಯಾದಿ ಮುಟ್ಟಲಿಲ್ಲ ಅವರು."

"ಬಲಗೈ ಏಳೂದಿಲ್ಲರಿ ಅವರಿಗೆ. ಎಡಗೈಲೆ ಪಟಾ ಮುಟ್ಟತಾರೇನ್ರಿ ಅವರು? ನಿಮಗ ಗೊತ್ತಿಲ್ಲೇನು? ಮೌಸ್ ಆದ್ರ ಮುಟ್ಟತಾರ. ಅದು ಪಟಾ ಅಲ್ಲಲಾ."

ಒಂದೇ ತೊಡಕು. ಕತ್ತು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಆರೇಳು ನಿಮಿಷಕ್ಕೆ ತಲೆ ವಾಲುತ್ತಿತ್ತು. ಹಾಗಾಗಿ ಒಬ್ಬೊಬ್ಬರಿಗೆ ಮೂರು ನಿಮಿಷದ ಆಟ, ದಿನಕ್ಕೆ ಒಂದೇ ಒಂದು. ಅಷ್ಟರೊಳಗೆ ಆಡುವವರು ಮಾತ್ರ ಅವರ ಜೊತೆ ಆಡಬಹುದಿತ್ತು.

ಕಾಡಪ್ಪ ನಂಬಲಿಲ್ಲ. ಹುಡುಗಿ ಅಪ್ಪನ ಮಾನ ಕಾಯಲು ತಾನೇ ಆಡಿ ಅವರ ಹೆಸರು ಹೇಳುತ್ತಿದ್ದಾಳೆ ಎಂದುಕೊಂಡ. ಆದರೆ ಆ ರಾತ್ರಿ ಊಟಕ್ಕೆ ಕುಳಿತಾಗ ಇನ್ನೊಂದು ಯೋಚನೆ ಬಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವಳು ಹೇಳಿದ್ದು ನಿಜವೇ ಆಗಿದ್ದರೆ? ಮಾಸ್ತರು ಒಳಗೆ ಇಡಿಯಾಗಿ ಕುಳಿತಿದ್ದರೆ, ಗೊಂಬೆ ಎಂದದ್ದನ್ನು ಅಕ್ಷರ ಬಿಡದಂತೆ ಕೇಳಿಸಿಕೊಂಡಿದ್ದಾರೆ. ಅದಕ್ಕೇ ಕೈ ಬೀಸಿದ್ದಾರೆ. ಮಾಸ್ತರು ಇರಲಿ ಎಂದು ಬೇಡಿಕೊಳ್ಳುವಾಗಲೇ, ಅಂದು ಮಾತ್ರ ಇರದೇ ಇದ್ದಿರಲಿ ಎಂದೂ ಬೇಡಿಕೊಂಡ. ಎಂಥ ಮನುಷ್ಯ ನೋಡಿ!

ಮುಂದಿನ ಭಾನುವಾರ ಹನ್ನೊಂದಕ್ಕೆ ಶೈಲಜಾ ಎಲ್ಲ ಜೋಡಿಸಿಕೊಟ್ಟಳು. ಆಟ ಶುರುವಾಯಿತು. ಕಾಡಪ್ಪ ಹದಿನಾಲ್ಕು ನಡೆ ಇಡುವಷ್ಟರಲ್ಲಿ ಅವನ ಮೂರು ನಿಮಿಷ ಮುಗಿದೇಹೋಯಿತು. ಮರುವಾರ ಹದಿನೈದು. ಅದರ ಮರುವಾರ ಮತ್ತೆ ಹದಿನಾಲ್ಕು. ಇಷ್ಟರಲ್ಲಿ ಎದುರಿಗಿರುವುದು ಯಾರ ಕೈ ಎಂದು ಹೇಗೆ ತಿಳಿಯಬೇಕು? ಮೊದಲ ನಡೆಗಳನ್ನು ಉಮಾಶ್ರೀಯೂ ಇಡಬಹುದು, ಆಕೆಯ ಕಂಪ್ಯೂಟರೂ ಇಡಬಹುದು. ಮಾಸ್ತರು ಮಾಸ್ತರಾಗುತ್ತಿದ್ದುದು ಕೊನೆಯಲ್ಲಿ, ಪಟದ ಮೇಲೆ ಏಳೆಂಟು ಕಾಯಿ ಉಳಿದಾಗ. ಅಲ್ಲಿಯ ತನಕ ಕಾಡಪ್ಪ ಬದುಕಿರಬೇಕಿತ್ತು. ಗೆಲ್ಲುವುದು ಹಾಳಾಗಿ ಹೋಗಲಿ, ಅಲ್ಲಿಗೆ ಮುಟ್ಟಬೇಕಿತ್ತು.

"ನನಗ ಜಲ್ದಿ ಆಡೂದು ಕಲಸವಾ," ಎಂದ ಶೈಲಜಾಳಿಗೆ.

"ನನಗೇನ್ ಬರತೈತ್ರಿ? ನಾ ಬರೇ ನೋಡಾಕಿ." ಆದರೂ ಅವಳು ನೋಡಿ ನೋಡಿ ಕಂಡುಕೊಂಡದ್ದಿತ್ತು. ಒಂದು ಮಧ್ಯಾಹ್ನ ಅವನನ್ನು ಕೂರಿಸಿ ದೊಡ್ಡ ಆಟಗಾರರಿಬ್ಬರ ಆಟ ತೋರಿಸಿದಳು. ಒಬ್ಬ ರಷ್ಯಾದವ, ಇನ್ನೊಬ್ಬ ಎಲ್ಲಿಯವನೋ. ಒಬ್ಬೊಬ್ಬರಿಗೆ ಒಂದೇ ನಿಮಿಷ.

ಕಾಡಪ್ಪ ಬಾಯಿ ತೆರೆದು ನೋಡಿದ. ಕುದುರೆ ಜಿಗಿದದ್ದು ಕಾಣುವಷ್ಟರಲ್ಲಿ ಒಂಟೆ ಓಡಿತ್ತು, ಒಂಟೆ ಎಲ್ಲಿ ಎಂದು ಹುಡುಕುವಷ್ಟರಲ್ಲಿ ಮಂತ್ರಿಯೇ ಬಿದ್ದಿದ್ದ. ತಾನು ಒಂದು ಭಾನುವಾರವಿಡೀ ತಿಣುಕಾಡುವ ಆಟವನ್ನು ಇವರು ಒಂದು ಬೀಡಿ ಅರ್ಧ ಉರಿಯುವುದರೊಳಗೆ ಆಡಿ ಮುಗಿಸಿದ್ದರು. ತಪ್ಪಿಲ್ಲ, ತಡವರಿಕೆಯಿಲ್ಲ. ಅವರಿಬ್ಬರ ನಡುವೆ ಎಷ್ಟು ಸಮುದ್ರವಿತ್ತೋ ಏನೋ. ಕಾಡಪ್ಪ ಎದ್ದು ನಿಂತು, ಯಾರು ನೋಡಿದರೂ ನೋಡಲಿ ಎಂದು, ಆ ಪರದೆಗೆ ಕೈ ಮುಗಿದ.

"ಇವರು ಯಾವಾಗ ವಿಚಾರ ಮಾಡತಾರ?" ಎಂದ.

"ಮಾಡೂದಿಲ್ಲ ಅನಸ್ತೈತ್ರಿ. ಮೊದಲ ಮಾಡಿಟ್ಟಿರತಾರ. ನೀವು ಹತ್ತಿ ನೋಡೂಮುಂದ ವಿಚಾರ ಮಾಡತೀರೇನು?"

ಆ ಮಾತು ಅವನಿಗೆ ಸರಿಯಾದ ಜಾಗಕ್ಕೆ ತಾಗಿತು. ಮರುದಿನ ಫ್ಯಾಕ್ಟರಿಯಲ್ಲಿ ತನ್ನ ಕೈಯನ್ನೇ ನೋಡುತ್ತ ಕುಳಿತ. ಗಾಡಿಯಿಂದ ಒಂದು ಹಿಡಿ ಹತ್ತಿ ಎತ್ತುತ್ತಾನೆ, ಎರಡು ಹೆಬ್ಬೆರಳ ನಡುವೆ ಎಳೆಯುತ್ತಾನೆ, ಎಳೆ ಎಷ್ಟು ಉದ್ದ, ನೀರು ಹೊಡೆದು ತಂದಿದ್ದಾರೋ ಇಲ್ಲವೋ, ಎರಡು ತಳಿ ಬೆರೆಸಿದ್ದಾರೋ, ಎಲ್ಲವನ್ನೂ ಉಸಿರು ಬಿಡುವುದರೊಳಗೆ ಹೇಳುತ್ತಾನೆ. ಎರಡನೇ ಸಲ ಎಳೆದು ನೋಡಿದ ದಿನವೇ ತಪ್ಪು ಹೇಳುವುದು. ಹಾಗಾದರೆ ಈ ಕೈ ಒಂದು ದಿನಕ್ಕೆ ಬಂದದ್ದೇನು? ಮೂವತ್ತು ವರ್ಷ ಲಕ್ಷಗಟ್ಟಲೆ ಹಿಡಿ ಹತ್ತಿ ಎಳೆದು ಬಂದದ್ದು. ತನ್ನ ಕೈಯನ್ನು ಕಂಡು ತಾನೇ ಬೆರಗಾಗುವುದು ಅಂದರೆ ನಗೆಪಾಟಲೇ ಸರಿ, ಆದರೂ ಆದ.

ಅಂದಿನಿಂದ ಆಟವನ್ನು ಹತ್ತಿಯ ಹಾಗೆ ಕಲಿತ. ಶೈಲಜಾ ಸಣ್ಣ ಸಣ್ಣ ಒಗಟಿನ ಪಟಗಳನ್ನು ಪ್ರಿಂಟ್ ತೆಗೆದು ಕೊಟ್ಟಳು: ಎರಡು ನಡೆಯಲ್ಲಿ ಮಾತ್ ಮಾಡು, ಅಂದರೆ ಅರಸನಿಗೆ ದಾರಿಯೇ ಇಲ್ಲದಂತೆ ಕಟ್ಟಿಹಾಕು, ಕುದುರೆಯಿಂದ ಎರಡು ಕಾಯಿಗೆ ಗುರಿ ಇಡು, ಇಂಥವು. ಬಿಡಿಸಿದ್ದನ್ನೇ ಮತ್ತೆ ಬಿಡಿಸಿದ. ನೂರು ಪಟಗಳನ್ನು ಎಷ್ಟು ಸಲ ತಿರುವಿದನೆಂದರೆ, ಹಾಳೆ ಎತ್ತಿದರೆ ಉತ್ತರವೇ ಮೊದಲು ಕಣ್ಣಿಗೆ ಬೀಳತೊಡಗಿತು. ಆಟದ ಮೊದಲ ಎಂಟು ನಡೆಗಳನ್ನು ದಿನಾ ಒಂದೇ ತೆರನಾಗಿ ಇಟ್ಟ. ಎದುರಾಳಿಯ ಗಡಿಯಾರ ಓಡುವಾಗ ಯೋಚಿಸಿದ, ತನ್ನದು ಓಡುವಾಗ ಕೈ ಬಿಟ್ಟ.

ಕಲಿತದ್ದಕ್ಕಿಂತ ಬಿಟ್ಟದ್ದು ಕಷ್ಟವಾಯಿತು. ಶಾ ಎನ್ನುವುದನ್ನು ಬಿಡಲು ತುಟಿಯ ನಡುವೆ ಅಡಿಕೆ ಚೂರು ಕಚ್ಚಿಕೊಂಡು ಕೂರಬೇಕಾಯಿತು. ಇನ್ನು ಬುರ್ಜಿ. ಅರ್ಜೆಂಟೀನಾದವನೊಬ್ಬನ ಜೊತೆ ಆಡುವಾಗ, ಅವನ ಕೊನೆಯ ಪ್ಯಾದಿಯನ್ನು ಕಾಡಪ್ಪ ಹೊಡೆಯದೇ ಬಿಟ್ಟ. ಅದು ಓಡಿ ಹೋಗಿ ಮಂತ್ರಿಯಾಗಿ ಇವನನ್ನೇ ಮುಗಿಸಿತು.

"ಅದನ್ಯಾಕ ಬಿಟ್ರಿ?" ಶೈಲಜಾ ಹಣೆ ಬಡಿದುಕೊಂಡಳು.

"ಎಲ್ಲಾ ಕಾಯಿ ಹೊಡದು ಅರಸನ್ನೊಬ್ಬನ್ನ ಉಳಿಸಿದ್ರ ಬುರ್ಜಿ ಆಗತೈತವಾ. ಆ ಗೆಲುವಿಗೆ ಮರ್ಯಾದಿಲ್ಲ. ಒಂದರ ಪ್ಯಾದಿ ಬಿಡಬೇಕು ಅವಂಗ. ಅದರಾಗೂ ನಮ್ಮ ಪ್ಯಾದಿಲೇ ಮಾತ್ ಮಾಡಿದ್ರ, ಅದು ಆಟ."

"ಅರ್ಜೆಂಟೀನಾದಾವಂಗ ಇದು ಗೊತ್ತೈತೇನ್ರಿ?"

ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಕಾಡಪ್ಪ ಮನಸ್ಸು ಕಲ್ಲು ಮಾಡಿಕೊಂಡು ಎಲ್ಲ ಪ್ಯಾದಿಗಳನ್ನೂ ಹೊಡೆಯಲು ಕಲಿತ. ಆಟದ ತಾಣ ಅವನಿಗೆ ಕೊಡುತ್ತಿದ್ದ ಅಂಕ ಒಂಬೈನೂರು ಚಿಲ್ಲರೆಯಿಂದ ಸಾವಿರದ ಇನ್ನೂರಕ್ಕೆ, ಆಮೇಲೆ ಸಾವಿರದ ನಾನೂರಕ್ಕೆ ಏರಿತು. ಭಾನುವಾರದ ಆಟ ಇಪ್ಪತ್ತು ನಡೆ ದಾಟಿತು, ಇಪ್ಪತ್ತೆಂಟು ದಾಟಿತು. ಆದರೂ ಕೊನೆಗೆ ಮುಟ್ಟಲಾಗಲಿಲ್ಲ. ಅವನು ವೇಗವಾದಷ್ಟೂ ರಾಮದುರ್ಗದ ಕೈಯೂ ವೇಗವಾಗುತ್ತಿತ್ತು. ಸುಗ್ಗಿ ಶುರುವಾಗಿ ಮಾರುಕಟ್ಟೆಗೆ ಹೊಸ ಹತ್ತಿ ಬಂದರೂ, ಅಲ್ಲಿರುವುದು ಯಾರು ಎಂಬುದು ತಿಳಿಯಲೇ ಇಲ್ಲ.

ಡಿಸೆಂಬರಿನ ಒಂದು ಭಾನುವಾರ ಕಾಡಪ್ಪ ಎಂದಿನಂತೆ ಕುಳಿತ. ಮೊದಲ ಎಂಟು ನಡೆಗೆ ಹತ್ತು ಸೆಕೆಂಡೂ ಹಿಡಿಯಲಿಲ್ಲ. ಹದಿನೈದು. ಇಪ್ಪತ್ತೈದು. ಮಂತ್ರಿಗೆ ಮಂತ್ರಿ ಹೋದರು, ಕುದುರೆಗೆ ಕುದುರೆ ಹೋದವು. ಮೂವತ್ತೈದು. ಶೈಲಜಾ ಕೌಂಟರ್ ಬಿಟ್ಟು ಬಂದು ಬೆನ್ನ ಹಿಂದೆ ನಿಂತಳು. ನಲವತ್ತನೇ ನಡೆಗೆ ಪಟ ಖಾಲಿಯಾಗಿತ್ತು. ಅವನಿಗೆ ಹದಿನಾರು ಸೆಕೆಂಡು, ಅತ್ತ ಕಡೆಗೆ ಹದಿಮೂರು. ಮುಟ್ಟಿದ್ದ! ಅಷ್ಟು ತಿಂಗಳ ಮೇಲೆ ಆಟದ ಕೊನೆಗೆ ಬಂದು ಮುಟ್ಟಿದ್ದ.

ಅವನ ಪಾಲಿಗೆ ಉಳಿದದ್ದು ಅರಸ ಮತ್ತು ಅಂಚಿನಲ್ಲೊಂದು ಪ್ಯಾದಿ. ಅತ್ತ ಅರಸ, ಆನೆ, ಜೋಡಿ ಪ್ಯಾದಿ. ಸೋಲಂತೂ ಖಂಡಿತ. ಆನೆ ನೇರ ಬಂದು ಅಂಚಿನ ಪ್ಯಾದಿಯನ್ನು ಹೊಡೆಯಬಹುದಿತ್ತು, ಪುಕ್ಕಟೆ.

ಹೊಡೆಯಲಿಲ್ಲ. ಪಕ್ಕದ ಮನೆಗೆ ಸರಿದು ಸುಮ್ಮನೆ ನಿಂತಿತು.

ಕಾಣಲಿಲ್ಲವೇನು ಎಂದುಕೊಂಡ ಕಾಡಪ್ಪ. ಅವನ ಅರಸ ಹಿಂದೆ ಸರಿದು ಮೂಲೆ ಸೇರಿದ. ಎದುರಿನ ಅರಸ ಬಂದು ಎದುರಾಗಿ ನಿಂತ. ಕಾಡಪ್ಪ ಅಂಚಿನ ಪ್ಯಾದಿಯನ್ನು ಒಂದು ಮನೆ ದೂಡಿದ. ಈಗ ಆನೆ ಕೊನೆಯ ಸಾಲಿಗೆ ಬಂದರೆ ಅಲ್ಲಿಗೇ ಮಾತ್, ಒಗಟಿನ ಹಾಳೆಯ ಮೊದಲನೇ ಪಟ, ಕುರುಡನಿಗೂ ಕಾಣುವಂಥದ್ದು. ಕಂಪ್ಯೂಟರ್ ಆಗಿದ್ದರೆ ಆಗಲೇ ಮುಗಿಸಿರುತ್ತಿತ್ತು. ಉಮಾಶ್ರೀಯೂ ಮುಗಿಸಿರುತ್ತಿದ್ದಳು, ಅವಳು ಕಾಲೇಜಿನ ಚೆಸ್ ಕಲಿತವಳು, ಬುರ್ಜಿ ಎಂಬ ಮಾತನ್ನೇ ಕೇಳಿದವಳಲ್ಲ. ಗಡಿಯಾರದಲ್ಲಿ ಎಂಟು ಸೆಕೆಂಡು ಇಟ್ಟುಕೊಂಡು ಆನೆಯನ್ನು ಮುಟ್ಟದೆ ಪ್ಯಾದಿಯನ್ನು ಒಂದು ಮನೆ ಮುಂದಿಟ್ಟ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದ.

ಕಾಡಪ್ಪ ಪರದೆಯ ಹತ್ತಿರಕ್ಕೆ ಬಾಗಿದ. "ಮಾಸ್ತರ," ಎಂದ.

ಇದ್ದರು. ಮಾತಿಲ್ಲ, ಅಕ್ಷರವಿಲ್ಲ, ಅರ್ಧ ಮೈಯಿಲ್ಲ, ತಲೆ ಈಗಲೋ ಆಗಲೋ ವಾಲುವಂತಿದೆ, ಎಂಟೇ ಸೆಕೆಂಡು. ಅಷ್ಟರಲ್ಲೂ ತಮ್ಮ ಗೆಳೆಯನನ್ನು ಬುರ್ಜಿ ಮಾಡಬಾರದು ಎಂದು ಅವನದೊಂದು ಪ್ಯಾದಿ ಉಳಿಸಿಕೊಟ್ಟು, ಮರ್ಯಾದೆಯ ಮಾತ್ ಕಟ್ಟುತ್ತಿದ್ದಾರೆ! ತಾನು ವೇಗ ಕಲಿಯಲಿಕ್ಕೆ ಆ ಮರ್ಯಾದೆಯನ್ನೆಲ್ಲ ಬಿಟ್ಟಿದ್ದ. ಅವರು ಒಂದನ್ನೂ ಬಿಡದೆ ವೇಗ ಕಲಿತಿದ್ದರು.

"ಕಾಡಪ್ಪಣ್ಣಾರ, ಟೈಮ್!" ಶೈಲಜಾ ಕಿರುಚಿದಳು.

ಮೂರು ಸೆಕೆಂಡು ಉಳಿದಿತ್ತು. ಕಾಡಪ್ಪನಿಗೆ ಭಯವೇ ಆಯಿತು. ಟೈಮ್ ಮುಗಿದು ತಾನು ಸೋತರೆ ಮಾಸ್ತರ ಮಾತ್ ಅರ್ಧಕ್ಕೇ ನಿಲ್ಲುತ್ತದೆ. ಮೂಲೆಯ ಅರಸನಿಗೆ ಕದಲಲು ಮನೆಯಿಲ್ಲ, ಕದಲಬಹುದಾದದ್ದು ಆ ಅಂಚಿನ ಪ್ಯಾದಿ ಒಂದೇ. ಅವರು ಉಳಿಸಿಕೊಟ್ಟ ಪ್ಯಾದಿ. ಸೋಲಲಿಕ್ಕೆ ಇಷ್ಟು ಅವಸರ ಪಟ್ಟವರನ್ನು ನಾನಂತೂ ಕಂಡಿಲ್ಲ. ಅವನ ಕೈ ಹತ್ತಿ ಎಳೆದಷ್ಟೇ ಸಲೀಸಾಗಿ ಪ್ಯಾದಿಯನ್ನು ಮುಂದೂಡಿತು. ಅತ್ತ ಮುಂದಿನ ಪ್ಯಾದಿ ಇನ್ನೊಂದು ಮನೆ ಏರಿದ್ದರೆ ಮಂತ್ರಿಯಾಗುತ್ತಿತ್ತು. ಅದು ಕದಲಲಿಲ್ಲ. ಅದರ ಜೊತೆಯ ಪ್ಯಾದಿ ಒಂದು ಹೆಜ್ಜೆ ಇಟ್ಟಿತು. ಮಾತ್.

ಅತ್ತ ಗಡಿಯಾರದಲ್ಲಿ ಒಂದು ಸೆಕೆಂಡು ಉಳಿದಿತ್ತು.

"ಸೋತ್ನಿ!" ಕಾಡಪ್ಪ ಕುರ್ಚಿ ಹಿಂದೆ ಬೀಳುವಂತೆ ಎದ್ದ. "ಸೋತ್ನಿ ನೋಡವಾ ಶೈಲಾ! ಪ್ಯಾದಿಲೇ ಮಾತ್ ಮಾಡಿದ್ರು! ಅದಾರ ಅವರು! ಅಲ್ಲೇ ಅದಾರ!" ಕೆಫೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸೋತು ಕುಣಿಯುವ ಮುದುಕನನ್ನು ಅವರು ಎಲ್ಲಿ ನೋಡಿರಬೇಕು, ಪಾಪ.

ಆಮೇಲೆ ಕುಣಿತ ನಿಂತಿತು. ಇದ್ದಾರೆ ಅಂದಮೇಲೆ ಅಂದೂ ಇದ್ದರು. ಗೊಂಬೆ ಎಂಬ ಮಾತನ್ನು ಕೇಳಿಸಿಕೊಂಡೇ ಇದ್ದರು. ಒಂದೂವರೆ ವರ್ಷ ಎಲ್ಲರೂ ಅವರ ತಲೆಯ ಮೇಲಿಂದಲೇ ಮಾತಾಡಿದ್ದರು. ಎಲ್ಲರಿಗಿಂತ ಮೊದಲು ಹಾಗೆ ಮಾತಾಡಿದವನು ತಾನು.

ಕಾಡಪ್ಪ ಕೌಂಟರಿನ ಫೋನಿನಿಂದ ರಾಮದುರ್ಗಕ್ಕೆ ಹಚ್ಚಿದ. ಉಮಾಶ್ರೀ ಎತ್ತಿದಳು.

"ಉಮಾ, ಅಪ್ಪಾರ ಕಿವಿಗೆ ಫೋನ್ ಹಿಡಿ."

"ಕಾಕಾ, ಅವರಿಗೆ ಮಾತಾಡಾಕ ಬರೂದಿಲ್ಲಲ್ರಿ."

"ನಾ ಮಾತಾಡತೇನಿ. ಅವರು ಕೇಳತಾರ. ಕೇಳತಾರಂತ ನನಗ ಗೊತ್ತೈತಿ, ಹಿಡಿ."

ತಂತಿಯಲ್ಲಿ ಉಸಿರಾಟ ಕೇಳಿಸಿತು, ಭಾರವಾದ ಉಸಿರಾಟ. ಊರೆಲ್ಲ ಕೇಳುವಂತೆ ಒದರುವ ಕಾಡಪ್ಪ ಈಗ ಮೆಲ್ಲಗೆ ಮಾತಾಡಿದ.

"ಮಾಸ್ತರ, ನಾನ್ರಿ, ಕಾಡಪ್ಪ. ಅವತ್ತ ನಿಮ್ಮ ಮುಂದ ಕುಂತು ನಿಮಗ ಗೊಂಬಿ ಅಂದೆ. ನೀವು ಒಳಗ ಇದ್ರಿ. ನಾ ತಿಳೀಲಿಲ್ಲ. ಇಪ್ಪತ್ತಾರು ವರ್ಷ ಎದುರಿಗೆ ಕುಂತಾಂವ ನಾ ತಿಳೀಲಿಲ್ಲ ಅಂದ್ರ ಇನ್ಯಾರು ತಿಳೀಬೇಕ್ರಿ? ಮಾಸ್ತರ, ತಪ್ಪಾತು. ನನ್ನ ಮ್ಯಾಲ ಸಿಟ್ಟಿದ್ರ ಇರ್ಲಿ. ಆದ್ರ ಆಟಾ ಬಿಡಬ್ಯಾಡ್ರಿ."

ಉಸಿರಾಟ ಹಾಗೇ ಇತ್ತು. ಕಾಡಪ್ಪ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತ.

"ಕಾಡಪ್ಪಣ್ಣಾರ," ಶೈಲಜಾ ಅವನ ಕಂಪ್ಯೂಟರಿನ ಮುಂದಿನಿಂದ ಮೆಲ್ಲಗೆ ಕರೆದಳು. "ಇಲ್ಲೆ ಬರ್ರಿ."

ಪರದೆಯ ಮೇಲೆ ಹೊಸ ಆಟದ ಕರೆ ಬಂದಿತ್ತು. ರಾಮದುರ್ಗದಿಂದ.

ಫೋನಿನಲ್ಲಿ ಈಗ ಉಮಾಶ್ರೀಯ ದನಿ ಬಂತು, ಗಾಬರಿಯೂ ನಗುವೂ ಕೂಡಿದ ದನಿ: "ಕಾಕಾ, ಏನಂದ್ರಿ ಅಪ್ಪಾರಿಗೆ? ದಿನಕ್ಕ ಒಂದ ಆಟಾ ಅವರದು, ಈಗ ಮೌಸ್ ಬಿಡವಲ್ರು. ತಲಿ ವಾಲಾಕತ್ತೈತಿ, ಆದ್ರೂ ಬಿಡವಲ್ರು. ಆಡ್ರಿ ಕಾಕಾ, ಲಗೂನ ಆಡ್ರಿ. ಕುತಗಿ ನಾ ಹಿಡಕೊಂಡ ನಿಂದರತೇನಿ."

ಕಾಡಪ್ಪ ಬಂದು ಕುಳಿತ. ಮೊದಲ ನಡೆ ಅವನದು. ಗಡಿಯಾರ ಓಡತೊಡಗಿತು. ಸೆಕೆಂಡಿನೊಳಗೆ ಇಡಬೇಕಾದ ನಡೆಗೆ ಅವನು ಇಪ್ಪತ್ತು ಸೆಕೆಂಡು ತೆಗೆದುಕೊಂಡ. ಕಣ್ಣೊರೆಸಿಕೊಳ್ಳದೆ ಅವನಿಗೆ ಪಟ ಕಾಣುತ್ತಿರಲಿಲ್ಲ.